ಇಳಕಲ್ಲಿನ ಮಗ್ಗದ ಮನೆಯಲ್ಲಿ ಭಿನ್ನರಾಶಿ: ನನ್ನ ಅನುಭವ

ಏಳನೇ ತರಗತಿಯ ಮಕ್ಕಳಿಗೆ ನೇಕಾರರ ಮನೆಯಲ್ಲಿ ಭಿನ್ನರಾಶಿ ಕಲಿಸಲು ಹೊರಟಾಗ "ಸೀರೆ ನೋಡಿದ್ರೆ ಗಣಿತ ಬರ್ತದೇನ್ರಿ ಸರ್?" ಎಂದು ನಕ್ಕವರೇ ಈಗ ನನ್ನ ವರ್ಕ್‌ಶೀಟ್ ಕೇಳುತ್ತಿದ್ದಾರೆ. ಕೊಡುತ್ತೇನೆ, ಆದರೆ ಮೊದಲು ಇದನ್ನು ಓದಲಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರಿಗೆ 10 ದಿನ ಬ್ಯಾಗ್ ಬೇಡ, ಊರಿನ ಕಸುಬುದಾರರ ಹತ್ತಿರ ಕಲಿಯಲಿ ಎಂದಿತು. 2023ರಲ್ಲಿ ರಾಜ್ಯ ಸರ್ಕಾರ ಅದರ ಬದಲು ತನ್ನದೇ ಶಿಕ್ಷಣ ನೀತಿ ರೂಪಿಸಲು ಆಯೋಗ ಮಾಡಿತು. "ಇನ್ನು ಅದನ್ನೆಲ್ಲ ಬಿಡ್ರಿ" ಎಂದರು ಗೆಳೆಯರು. ಬಿಡಲಿಲ್ಲ. ಇಳಕಲ್ಲಿನ ಮಗ್ಗಗಳು ಯಾವ ನೀತಿಯನ್ನೂ ಕೇಳಿ ನಡೆಯುತ್ತಿಲ್ಲ, ಅಲ್ವಾ?

ಮೊದಲ ಸಲ ಇಡೀ ಏಳನೇ ತರಗತಿಯನ್ನು ಒಂದೇ ಮನೆಗೆ ಕರೆದೊಯ್ದೆವು. ಕುಣಿ ಮಗ್ಗದ (ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ) ಕೋಣೆ, ಉಸಿರಾಡಲು ಜಾಗವಿಲ್ಲ. ಹಾಸಿನ ಎಳೆ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ನೂಲು, ಪಟಪಟ ಹರಿದವು. ನೇಕಾರರ ಅರ್ಧ ದಿನ ಹಾಳು. ಆಮೇಲೆ ಆರೇಳು ಮಕ್ಕಳ ಗುಂಪು ಮಾಡಿದೆ. ನೇಕಾರರಿಗೆ ಅರ್ಧ ದಿನದ ಕೂಲಿ ಎಂದು 250 ರೂಪಾಯಿ ಕೈಗೆ ಕೊಟ್ಟೆ. ಪುಕ್ಕಟೆ ಕಲಿಸಿ ಎಂದರೆ ಒಂದು ಸಲ ಒಪ್ಪುತ್ತಾರೆ, ಎರಡನೇ ಸಲ ಬಾಗಿಲು ಹಾಕಿರುತ್ತದೆ. ವರ್ಷಕ್ಕೆ ನಾಲ್ಕು ಸಾವಿರದ ಆಸುಪಾಸು ಖರ್ಚು. ಅರ್ಧ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಕೊಟ್ಟಿತು, ಉಳಿದದ್ದು ನನ್ನ ಜೇಬು.

ನೋಡಿ ಬಂದು ಪ್ರಬಂಧ ಬರೆಸಿದ್ದೂ ದಂಡ. ಎಲ್ಲರದ್ದೂ ಒಂದೇ ಪ್ರಬಂಧ! ಆಗ ಟೇಪು ಕೊಟ್ಟು ಅಳೆಯಿರಿ ಎಂದೆ. ಒಂದು ಸೀರೆ 6 ಗಜ, ಅಂದರೆ 216 ಇಂಚು. ಕೆಂಪು ರೇಷ್ಮೆಯ ಸೆರಗು 27 ಇಂಚು. ಎಂಟರಲ್ಲಿ ಒಂದು ಪಾಲು, ಶೇಕಡಾ 12.5. ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕುಣಿಕೆ ಹಾಕಿ ಸೇರಿಸುವುದನ್ನು ಕಂಡ ಹುಡುಗಿಯೊಬ್ಬಳು "ಹಂಗಾದ್ರ ಎರಡೂ ಕಡೆ ಎಳೆ ಸಮ ಇರಬೇಕಲ್ರಿ?" ಎಂದಳು. ಅವಳ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ನಾನು ಅಲ್ಲೇ ಅಂಕ ಬರೆದುಕೊಂಡೆ.

ಸಹಪಾಠಿ ಮೌಲ್ಯಮಾಪನ ಜಾಸ್ತಿ ಕಾಡಿತು. ಗೆಳೆಯನಿಗೆ ಪೂರ್ತಿ ಅಂಕ, ಜಗಳವಾಡಿದವನಿಗೆ ಸೊನ್ನೆ. ಅಂಕ ಹಾಕುವುದನ್ನೇ ತೆಗೆದೆ. ಈಗ ಒಬ್ಬ ತನ್ನ ಅಳತೆಯಿಂದ ಲೆಕ್ಕ ಕಟ್ಟುತ್ತಾನೆ, ಇನ್ನೊಬ್ಬ ಬಿಡಿಸುತ್ತಾನೆ. ಬಿಡಿಸಲಾಗದಿದ್ದರೆ ಕಟ್ಟಿದವನೇ ವಿವರಿಸಬೇಕು. ಉತ್ತರ ಗೊತ್ತಿಲ್ಲದೆ ಲೆಕ್ಕ ಕಟ್ಟಿದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಜೋಡಿ ಹೇಗೆ ಹಾಕುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ಈರುಳ್ಳಿ ಸಿಪ್ಪೆಯಲ್ಲಿ ನೂಲಿಗೆ ಬಣ್ಣ ಹಾಕಲು ಹೋದೆವು. ವಿಜ್ಞಾನ ಆಗಲಿಲ್ಲ, ಸಮವಸ್ತ್ರ ಮಾತ್ರ ಹಳದಿ ಆಯಿತು. ಆದರೆ ಕಸೂತಿ ಗೆದ್ದಿತು. ಅದರ ಗವಂತಿ ಹೊಲಿಗೆ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣಬೇಕು. ಅದನ್ನು ಗ್ರಾಫ್ ಹಾಳೆಯಲ್ಲಿ ಬಿಡಿಸಿದರೆ ಸಮ್ಮಿತಿ ಪಾಠ ಒಂದು ಪೀರಿಯಡ್‌ನಲ್ಲಿ ಮುಗಿಯುತ್ತದೆ. ಇದರಲ್ಲಿ ಮಕ್ಕಳ ಅಮ್ಮಂದಿರು ನನಗಿಂತ ಚೆನ್ನಾಗಿ ಕಲಿಸಿದರು.

ಮೊದಲು ಭಿನ್ನರಾಶಿಯ ವಾಕ್ಯ ಲೆಕ್ಕವನ್ನು ಅರ್ಧ ತರಗತಿ ಖಾಲಿ ಬಿಡುತ್ತಿತ್ತು. ಕಳೆದ ಎಸ್‌ಎ (ಸಂಕಲನಾತ್ಮಕ) ಪರೀಕ್ಷೆಯಲ್ಲಿ ಬಿಟ್ಟವರು ನಾಲ್ಕೈದು ಜನ. ಸ್ವಲ್ಪ ಬೀಗಿದೆ, ಸುಳ್ಳು ಹೇಳಲ್ಲ.

ಮಾಡುವವರಿಗೆ ಒಂದು ಮಾತು: ಮದುವೆ ಸೀಸನ್‌ನಲ್ಲಿ ಹೋಗಬೇಡಿ, ನೇಕಾರರಿಗೆ ತಲೆ ಎತ್ತಲೂ ಪುರುಸೊತ್ತಿರಲ್ಲ. ಗ್ರಾಫ್ ಹಾಳೆ ಒಂದು ಕೊಂಡು ಜೆರಾಕ್ಸ್ ಮಾಡಿಸಿ, ಅರ್ಧ ದುಡ್ಡು ಉಳಿಯುತ್ತದೆ.