ಎಮ್ಮೆಯ ಅಟ್ಟೆ ತೊಗಲಿನಲ್ಲಿ ಚೂರಿಗೆ ಒರೆ: ನನ್ನ ಅನುಭವ

ಚಪ್ಪಲಿಯ ಅಟ್ಟೆಗೆ ಬರುವ ಎಮ್ಮೆ ತೊಗಲಿನಲ್ಲಿ ಚೂರಿಗೆ ಒರೆ ಮಾಡಲು ಆಗುವುದೇ ಇಲ್ಲ ಅಂತ ಹುಬ್ಬಳ್ಳಿಯಲ್ಲಿ ನಾನು ಕೇಳಿದವರೆಲ್ಲ ಹೇಳಿದರು. ದುರ್ಗದಬೈಲ್ ಕಡೆಯ ಹಿರಿಯರೊಬ್ಬರು, "ತಮ್ಮಾ, ಅದು ಕಾಲಾಗ ಮೆಟ್ಟೂ ತೊಗಲ. ಒರಟ ಇರತೈತಿ, ಅಚ್ಚು ಹಿಡಿಯಂಗಿಲ್ಲ, ರೊಕ್ಕ ಹಾಳ ಮಾಡಬ್ಯಾಡ" ಅಂದಿದ್ದರು. ಈಗ ನನ್ನ ಒರೆಗಳು ಹಾನಗಲ್ಲಿನ ತೋಟಗಳಲ್ಲಿ, ದಾಂಡೇಲಿಯ ಕಾಡು ಸುತ್ತುವವರ ಸೊಂಟದಲ್ಲಿ ಮಳೆಗಾಲ ಕಳೆದಿವೆ. ಸಡಿಲಾಯಿತು ಅಂತ ಒಂದೂ ವಾಪಸ್ ಬಂದಿಲ್ಲ.

ಅದಕ್ಕೂ ಮೊದಲು ಹೋದ ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಶುರು ಮಾಡಿದ್ದು ಕ್ರೋಮ್ ತೊಗಲಿನಿಂದ, ಅಂದರೆ ತೊಗಟೆಯ ಬದಲು ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ತೊಗಲು. ಸೋಫಾಕ್ಕೆ, ಬ್ಯಾಗಿಗೆ ಹಾಕುತ್ತಾರಲ್ಲ, ಅದೇ. ಅಗ್ಗ, ನಯ, ಬೇಕಾದ ಬಣ್ಣ ಸಿಗುತ್ತದೆ. ಆದರೆ ಚೂರಿಯ ಆಕಾರಕ್ಕೆ ಎಷ್ಟು ನೆನೆಸಿ ಒತ್ತಿದರೂ ಒಣಗಿದ ಮೇಲೆ ಮೊದಲಿನ ಹಾಗೇ ಆಗುತ್ತದೆ, ಚೂರಿ ಒಳಗೆ ಗಲಗಲ ಅಲ್ಲಾಡುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟು ತುಕ್ಕಿನದು. ನನ್ನ ಗಿರಾಕಿಗಳ ಹತ್ತಿರ ಇರುವುದು ಹೆಚ್ಚಾಗಿ ಕಮ್ಮಾರರು ಲಾರಿಯ ಕಮಾನ್ ಪಾಟಾ ಬಡಿದು ಮಾಡಿದ ಚೂರಿ. ಆ ಉಕ್ಕಿಗೆ ತೊಗಲಿನಲ್ಲಿ ಉಳಿದ ಉಪ್ಪು, ಮಳೆಗಾಲದ ತೇವ ಎರಡೂ ಸೇರಿದರೆ ಅಲಗಿನ ಮೇಲೆ ಚುಕ್ಕೆ ಚುಕ್ಕೆ ಏಳುತ್ತದೆ. ಸರಕು, ಗಿರಾಕಿಗೆ ತಿರುಗಿ ಕೊಟ್ಟದ್ದು ಸೇರಿ ಸುಮಾರು 15,000 ರೂಪಾಯಿ ಮುಳುಗಿತು. ಆಮೇಲೆ ದೂರದ ಊರಿಂದ ತೊಗಟೆಯಲ್ಲಿ ಹದ ಮಾಡಿದ ನಯವಾದ ತೊಗಲು ತರಿಸಿದೆ, ಚದರ ಅಡಿಗೆ 200ರ ಮೇಲೆ. ಬಿಚ್ಚಿದರೆ ಅರ್ಧಕ್ಕರ್ಧ ಹೊಟ್ಟೆಯ ಭಾಗ, ಎಳೆದಷ್ಟು ಹಿಗ್ಗುವಂಥದ್ದು. ಒಂದು ಒರೆಗೆ ತೊಗಲೇ 400 ತಿಂದರೆ ತೋಟದವರಿಗೆ ಯಾವ ರೇಟು ಹೇಳುವುದು?

ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಟ್ಯಾಗ್ (ಆ ಪ್ರದೇಶದ್ದೇ ಸರಕು ಅನ್ನುವ ಭೌಗೋಳಿಕ ಗುರುತು) ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. ಅಥಣಿ, ನಿಪ್ಪಾಣಿ ಕಡೆ ಆ ಚಪ್ಪಲಿ ಮಾಡುವವರು ಅಟ್ಟೆಗೆ ಬಳಸುವುದು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದವಾದ ಎಮ್ಮೆ ತೊಗಲು. ಹೊಸದಾಗಿ ಮೆಟ್ಟಿದಾಗ ಕಚ್ಚುವ ಆ ಚಪ್ಪಲಿ ಕೆಲವೇ ವಾರದಲ್ಲಿ ಅವರವರ ಪಾದದ ಅಚ್ಚು ಹಿಡಿಯುತ್ತದೆ. ಬೆವರು, ಬಿಸಿ, ಮೈಭಾರದಿಂದ ಅಲ್ಲಿ ನಿಧಾನಕ್ಕೆ ಆಗುವುದನ್ನು ಇಲ್ಲಿ ಒಂದು ರಾತ್ರಿಯಲ್ಲಿ ಮಾಡಿಸಿಕೊಳ್ಳಬೇಕು, ಅಷ್ಟೇ ಅಂದುಕೊಂಡೆ.

ಈ ಅಟ್ಟೆ ತೊಗಲಿನಲ್ಲಿ ಬೆನ್ನಿನ ಭಾಗವನ್ನೇ ಕೇಳಿ ತರಬೇಕು. ದಪ್ಪ 4ರಿಂದ 5 ಮಿಲಿಮೀಟರ್ ಇರುತ್ತದೆ. ಮಡಚು ಬರುವಲ್ಲಿ ಒಳಮಗ್ಗುಲನ್ನು ರಂಪಿಗೆಯಿಂದ (ಚಪ್ಪಲಿ ಹೊಲಿಯುವವರ ಅಗಲ ಬಾಯಿಯ ಉಳಿ) ಹೆರೆದು ಮೂರಕ್ಕೆ ಇಳಿಸುತ್ತೇನೆ, ಹೊಲಿಗೆಯ ಅಂಚನ್ನು ಮುಟ್ಟುವುದಿಲ್ಲ. ಎಲ್ಲರೂ ಸೋಲುವುದು ಇದನ್ನು ಬಕೆಟ್ಟಿನಲ್ಲಿ ಮುಳುಗಿಸಿ. ಮೇಲ್ಮೈ ಉಬ್ಬಿ, ಒಣಗುವಾಗ ಬಿರಿಯುತ್ತದೆ. ನಾನು ಹಸಿ ಗೋಣಿಚೀಲದಲ್ಲಿ ಸುತ್ತಿ ರಾತ್ರಿಯೆಲ್ಲ ಇಡುತ್ತೇನೆ. ಬೆಳಿಗ್ಗೆ ಕಲ್ಲಿನ ಮೇಲೆ ಹಾಕಿ ಚಪ್ಪಟೆ ಸುತ್ತಿಗೆಯಿಂದ ಅಂಚಿನಿಂದ ನಡುವಿಗೆ ಬಡಿಯುತ್ತೇನೆ. ಆಮೇಲೆ ಕಾಯಬೇಕು. ತೊಗಲಿನ ಬಣ್ಣ ಹೆಚ್ಚುಕಡಿಮೆ ಒಣ ಬಣ್ಣಕ್ಕೆ ಮರಳಿರಬೇಕು, ಗಲ್ಲಕ್ಕೆ ಒತ್ತಿದರೆ ಮಾತ್ರ ಇನ್ನೂ ತಣ್ಣಗೆ ಹತ್ತಬೇಕು. ಉಗುರಿನಿಂದ ಗೀರಿದರೆ ಗೆರೆ ಕಪ್ಪಗೆ ಮೂಡಿ ಹಾಗೇ ನಿಲ್ಲುತ್ತದೆ. ಆ ಹದ ಬೇಸಿಗೆಯಲ್ಲಿ ಅರ್ಧ ತಾಸೂ ಇರುವುದಿಲ್ಲ, ಅಷ್ಟರೊಳಗೆ ಒತ್ತಿ ಮುಗಿಸಬೇಕು.

ಮಡಚಿದ ತೊಗಲಿನೊಳಗೆ ಇಟ್ಟು ಒತ್ತುವ ಮೊದಲು ಚೂರಿಗೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಎರಡು ಸುತ್ತು ಸುತ್ತಲೇಬೇಕು. ಇಲ್ಲದಿದ್ದರೆ ತೊಗಟೆಯ ಒಗರು ಕಬ್ಬಿಣಕ್ಕೆ ತಾಕಿ ತೊಗಲೂ ಕಪ್ಪು, ಅಲಗೂ ಕಪ್ಪು. ಗೋಕುಲ ರೋಡಿನ ಗುಜರಿಯಲ್ಲಿ ಸಿಕ್ಕ ದಪ್ಪ ರಬ್ಬರ್ ಹಾಳೆ ಮೇಲೆ ಕೆಳಗೆ ಇಟ್ಟು, ಎರಡು ಹಲಗೆಯ ನಡುವೆ ಸಿ ಕ್ಲ್ಯಾಂಪ್ ಬಿಗಿಯುತ್ತೇನೆ. ಹಿಡಿಯ ಸಂದನ್ನು ಮಾತ್ರ ಕೊಂಬಿನ ತುಂಡಿನಿಂದ ಕೈಯಲ್ಲೇ ತೀಡುವುದು, ಚೂರಿ ಟಕ್ ಅಂತ ಕೂರುವುದು ಅಲ್ಲೇ. ನೆರಳಲ್ಲೇ ಒಣಗಿಸಬೇಕು. ಮಳೆಗಾಲದಲ್ಲಿ ಮೂರು ದಿನ ಹಿಡಿಯುತ್ತದೆ.

ಹೊಲಿಗೆಯ ಅಂಚಿನಲ್ಲಿ ಎರಡು ಮಗ್ಗುಲಿನ ನಡುವೆ ಇಡುವ ತೊಗಲಿನ ಪಟ್ಟಿಯನ್ನು ಹಾಕದೆ ತೊಗಲು ಮಿಗಿಸುವವರನ್ನು ನೋಡಿದ್ದೇನೆ. ಅಲಗು ನೇರ ದಾರಕ್ಕೇ ತಾಕಿ ಕೊಯ್ಯುತ್ತದೆ. ನಾನು ಆ ಪಟ್ಟಿಯನ್ನು ತುದಿಯಲ್ಲಿ ಎರಡು ಪದರು ಹಾಕುತ್ತೇನೆ. ಹೊಲಿಗೆ ಎರಡು ಸೂಜಿಯ ಕೈಹೊಲಿಗೆಯೇ, 5 ಮಿಲಿಮೀಟರಿಗೊಂದು.

ಕೊನೆಗೆ ಜೇನುಮೇಣ ಮತ್ತು ಎಣ್ಣೆಯ ಪಾಕ. ಯಾವ ಎಣ್ಣೆ, ಎಷ್ಟು ಪಾಲು ಅನ್ನುವುದನ್ನು ಹೇಳುವುದಿಲ್ಲ, ಅದು ನನ್ನ ಅನ್ನದ ವಿಷಯ. ಶೇಂಗಾ ಎಣ್ಣೆಯಂತೂ ಬೇಡ. ಹಚ್ಚಿದ ಒರೆ ತಿಂಗಳೊಳಗೆ ಕಮಟು ಹಿಡಿದು ಮೆತ್ತಗಾಯಿತು.

ಬಣ್ಣದ ಹುಚ್ಚೂ ಹತ್ತಿತ್ತು. ವಿನೆಗರ್‌ನಲ್ಲಿ ತುಕ್ಕು ಮೊಳೆ ಎರಡು ವಾರ ನೆನೆಹಾಕಿ, ಸೋಸಿ ಹಚ್ಚಿದರೆ ಈ ತೊಗಲು ಕಣ್ಣೆದುರೇ ಕಪ್ಪಾಗುತ್ತದೆ. ಮೇಲೆ ಅಡುಗೆ ಸೋಡಾ ಕರಗಿಸಿದ ನೀರು ಒರೆಸಬೇಕು, ಹುಳಿ ಉಳಿಯಬಾರದು. ಶಿರಸಿಯಿಂದ ಅಡಿಕೆ ಚೊಗರು (ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ) ತಂದು ಬಳಿದು ನೋಡಿದೆ. ಅಪ್ಪಟ ಕಂದುಗೆಂಪು ಬಂತು, ಆದರೆ ಮಳೆಗೆ ಬಣ್ಣ ಬಿಟ್ಟು ಗಿರಾಕಿಯ ಬಿಳಿ ಧೋತರಕ್ಕೆ ಹತ್ತಿತು. ಅದೇ ಚೊಗರು ಮೊದಲು ಬಳಿದು ಮೇಲೆ ಮೊಳೆ ನೀರು ಹಚ್ಚಿದಾಗ ಬಂದ ಕಪ್ಪು ಮಾತ್ರ ಅಂಗಡಿಯ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ, ಅದು ಬಿಡುವುದೂ ಇಲ್ಲ.

ತೊಗಲು ಕಿಲೋಗೆ 400ರ ಆಸುಪಾಸು ಬೀಳುತ್ತದೆ. ಒಂದು ಒರೆಗೆ ಹಾಳಾದದ್ದೂ ಸೇರಿ 150, ದಾರ, ಟಿಚ್ ಬಟನ್, ಮೇಣಕ್ಕೆ 60-70. ತೋಟದವರಿಗೆ 800ಕ್ಕೆ ಕೊಡುತ್ತೇನೆ, ಕಾಡು ಸುತ್ತುವವರು 1,400 ಕೊಡುತ್ತಾರೆ. ಕೊಡುವಾಗ ಒಂದು ಮಾತು ಹೇಳಿಯೇ ಕಳಿಸುತ್ತೇನೆ: ಮಳೆಗಾಲದಲ್ಲಿ ಚೂರಿ ಒರೆಯೊಳಗೇ ಬಿಟ್ಟು ಮರೆಯಬೇಡಿ, ರಾತ್ರಿ ಹೊರಗೆ ತೆಗೆದು ಎಣ್ಣೆ ಬಟ್ಟೆಯಲ್ಲಿ ಒರೆಸಿಡಿ.

ಈಗ ಕುಡುಗೋಲಿಗೆ ಕೇಳುತ್ತಿದ್ದಾರೆ. ಅದರ ಬಾಗು ಮುಚ್ಚಿದ ಒರೆಯಿಂದ ಹೊರಬರುವುದಿಲ್ಲ, ಬೆನ್ನಿನ ಕಡೆ ತೆರೆದು ಎರಡು ಬಟನ್ ಹಾಕಿ ನೋಡುತ್ತಿದ್ದೇನೆ. ಮೇಲಿನ ಬಟನ್ ಎಲ್ಲಿ ಕೂರಬೇಕು ಅನ್ನುವುದೊಂದು ಬಾಕಿ ಇದೆ.