ಕುರೆಂತ್‌ಗಳನ್ನು ನೋಡಬೇಕಾ? ತಾರೀಖು ಹೀಗೆ ಲೆಕ್ಕ ಹಾಕಿ

ಸ್ಲೊವೇನಿಯಾದ ಶ್ಟಾಯೆರ್ಸ್ಕಾ ಕಡೆ ಹೋಗುವವರು ಪ್ತುಯ್ ಊರಿನಲ್ಲಿ ಕುರೆಂತ್ ಎಂಬ ಮುಖವಾಡದ ವೇಷಧಾರಿಗಳು ಕುಣಿಯುವ ಕುರೆಂತೊವಾನ್ಯೆ ಹಬ್ಬವನ್ನು ದಯವಿಟ್ಟು ತಪ್ಪಿಸಿಕೊಳ್ಳಬೇಡಿ. 1960ರಿಂದ ನಡೆಯುತ್ತಿದೆ. ತಾರೀಖು ವರ್ಷ ವರ್ಷ ಬದಲಾಗುತ್ತೆ, ಅದಕ್ಕೇ ಜಾಸ್ತಿ ಜನ ಎಡವೋದು. ಈಸ್ಟರ್ ಭಾನುವಾರದಿಂದ ಏಳು ವಾರ ಹಿಂದಕ್ಕೆ ಎಣಿಸಿ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ, ಅಂದರೆ ಫೆಬ್ರವರಿ 7ರ ಆಸುಪಾಸು. ಆ ಭಾನುವಾರ ಕಳೆದು ಬರುವ ಮಂಗಳವಾರಕ್ಕೆ ಹಬ್ಬ ಮುಗಿಯುತ್ತೆ.

ಕುರೆಂತ್ ಅಂದರೆ ಮೈತುಂಬ ಕುರಿಚರ್ಮ, ಮುಖವಾಡದಿಂದ ಇಳಿಬಿದ್ದ ಕೆಂಪು ನಾಲಿಗೆ, ಸೊಂಟದ ಸುತ್ತ ದೊಡ್ಡ ಗಂಟೆಗಳು. ಕುಣಿದು ಚಳಿಗಾಲವನ್ನು ಓಡಿಸ್ತಾರೆ ಅಂತ ನಂಬಿಕೆ. ಅವರ ಮನೆ ಮನೆ ಸುತ್ತಾಟ 2017ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಗಂಟೆ ಸದ್ದು ತುಂಬಾ ಜೋರು, ಮಕ್ಕಳ ಕಿವಿಗೆ ಹತ್ತಿ ಇಟ್ಟುಕೊಂಡು ಹೋಗಿ. ಬೆಚ್ಚಗಿನ ಬೂಟು ಬೇಕೇ ಬೇಕು. ಬಿಸಿ ಬಿಸಿ ಕ್ರೋಫಿ (ಡೋನಟ್‌ನಂಥ ಕರಿದ ತಿಂಡಿ) ಸಿಕ್ಕರೆ ಬಿಡಬೇಡಿ, ಒಳಗೆ ಏಪ್ರಿಕಾಟ್ ಜಾಮ್ ಇರುತ್ತೆ.