ಜಗುಲಿಗೊಂದು ಹಸಿರು ಮರೆ: ನನ್ನ ಅನುಭವ

ಅಂಕೋಲಾದಿಂದ ಕುಮಟಾಕ್ಕೆ ಬರುವ ಬಸ್ಸಿನಲ್ಲಿ ಎಡಬದಿಯ ಕಿಟಕಿಯ ಪಕ್ಕ ಕುಳಿತಿದ್ದ ನನಗೆ ಒಂದು ಸಂಜೆ ನಮ್ಮದೇ ಮನೆಯ ಜಗುಲಿ ಕಂಡಿತು. ಅತ್ತೆ ಕವಳದ ತಟ್ಟೆಯನ್ನು ಮುಂದಿಟ್ಟುಕೊಂಡು ಎಲೆಗೆ ಸುಣ್ಣ ಸವರುತ್ತಿದ್ದುದು, ತಂತಿಯ ಮೇಲೆ ಒಣಹಾಕಿದ್ದ ನನ್ನ ಸೀರೆ, ತೆರೆದ ಬಾಗಿಲಿನಾಚೆ ನಡುಮನೆಯ ಗೋಡೆಯಲ್ಲಿ ತೂಗುತ್ತಿದ್ದ ಕ್ಯಾಲೆಂಡರು, ಎಲ್ಲವೂ ಅಂಗೈಯಲ್ಲಿ ಇಟ್ಟಷ್ಟು ಸ್ಪಷ್ಟವಾಗಿದ್ದವು. ನನ್ನೊಡನೆ ಬಸ್ಸಿನಲ್ಲಿದ್ದ ಅಷ್ಟೂ ಮಂದಿ ಅದನ್ನೇ ನೋಡುತ್ತಿದ್ದರು. ರಾಷ್ಟ್ರೀಯ ಹೆದ್ದಾರಿ 66, ನಮ್ಮೂರಿನವರ ಬಾಯಲ್ಲಿ ಇಂದಿಗೂ ಹದಿನೇಳು, ಚತುಷ್ಪಥವಾಗುವಾಗ ಮನೆಯೆದುರಿನ ಎರಡು ಹಳೆಯ ಮಾವಿನ ಮರಗಳೂ ಅವುಗಳ ಬುಡದಲ್ಲಿದ್ದ ಲಕ್ಕಿಯ ಮಟ್ಟಿಗಳೂ ಹೋಗಿದ್ದವು. ರಸ್ತೆಯು ಮಣ್ಣು ತುಂಬಿಸಿಕೊಂಡು ನಮ್ಮ ಅಂಗಳಕ್ಕಿಂತ 3 ಅಡಿ ಮೇಲೇರಿತ್ತು.

ಮೊದಲು ಯೋಚಿಸಿದ್ದು ಚಿರೆಕಲ್ಲಿನ ಪಾಗಾರವನ್ನೇ. ಮೇಸ್ತ್ರಿ ಬಂದು ಅಳೆದು, 90 ಅಡಿ ಉದ್ದ 6 ಅಡಿ ಎತ್ತರದ ಪಾಗಾರಕ್ಕೆ ಹೇಳಿದ ಮೊತ್ತವು ಆಗಿನ ನನ್ನ ಮೂರು ತಿಂಗಳ ಸಂಬಳವನ್ನು ಮೀರುತ್ತಿತ್ತು. ಅಷ್ಟು ಖರ್ಚು ಮಾಡಿದರೂ ಎತ್ತರದ ರಸ್ತೆಯ ಮೇಲೆ ನಿಂತವರಿಗೆ ಅದು ಸೊಂಟದಷ್ಟು ಎತ್ತರದ ಗೋಡೆಯಾಗುತ್ತಿತ್ತೇ ಹೊರತು ಮರೆಯಾಗುತ್ತಿರಲಿಲ್ಲ. ಹೀಗಾಗಿ 2015ರ ಜೂನ್ ತಿಂಗಳಲ್ಲಿ ಅರಣ್ಯ ಇಲಾಖೆಯ ನರ್ಸರಿಗೆ ಹೋದೆ. ಮಳೆಗಾಲದ ಆರಂಭದಲ್ಲಿ ಸಾರ್ವಜನಿಕರಿಗೆ ಅಲ್ಲಿ ರಿಯಾಯಿತಿ ದರದಲ್ಲಿ ಸಸಿ ಸಿಗುತ್ತದೆ. ಸಸಿಯ ಜಾತಿಗಿಂತ ಅದು ಬೆಳೆದ ಪ್ಲಾಸ್ಟಿಕ್ ಕೊಟ್ಟೆಯ ಅಳತೆಯ ಮೇಲೆ ದರ ನಿಲ್ಲುತ್ತದೆ. ನಾನು ತಂದ 40 ಸಸಿಗಳಿಗೆ 120 ರೂಪಾಯಿ ಕೊಟ್ಟೆ. ಅಕೇಸಿಯಾ ಅರ್ಧ, ಗಾಳಿಮರ ಅರ್ಧ. ಬೇಗ ಏಳುವ ಜಾತಿ ಯಾವುದೆಂದು ಕೇಳಿ ಆರಿಸಿದ್ದೆ. ಕೊಟ್ಟೆಗಳನ್ನು ರಿಕ್ಷಾಕ್ಕೆ ಏರಿಸಿಕೊಟ್ಟ ಹಿರಿಯ ಕೆಲಸಗಾರರು ಮಾತ್ರ, "ಅಕ್ಕೋರೇ, ಮೂರು ವರ್ಷಕ್ಕೆ ಇವು ಮನೆಯ ಮಾಡಿನ ಮೇಲೆ ಹೋಗ್ತವೆ. ನಿಮ್ಗೆ ಮರೆ ಬೇಕಾದ್ದು ಮಾಡಿಗೋ, ಜಗುಲಿಗೋ?" ಎಂದು ಕೇಳಿದರು. ಅದನ್ನು ತಮಾಷೆಯೆಂದುಕೊಂಡು ನಕ್ಕು ಬಂದೆ.

ನಾಲ್ಕು ವರ್ಷಗಳಲ್ಲಿ ಅವರ ಪ್ರಶ್ನೆಯ ಅರ್ಥ ನನಗೆ ಆಯಿತು. ಅಕೇಸಿಯಾ ಮರಗಳು 25 ಅಡಿ ದಾಟಿದವು. ಬಿಸಿಲಿಗಾಗಿ ಒಂದನ್ನೊಂದು ಮೀರಿ ಏರುವ ಭರದಲ್ಲಿ ಕೆಳಗಿನ ಕೊಂಬೆಗಳನ್ನೆಲ್ಲ ಒಣಗಿಸಿ ಉದುರಿಸಿಕೊಂಡವು; ಗಾಳಿಮರಗಳದ್ದೂ ಅದೇ ಕತೆ. ಮೇಲೆ ದಟ್ಟವಾದ ಹಸಿರು, ಕೆಳಗೆ ಮಂಟಪದ ಕಂಬಗಳಂತೆ ಬರಿಯ ಬೊಡ್ಡೆಗಳ ಸಾಲು, ಆ ಕಂಬಗಳ ನಡುವೆ ಚೌಕಟ್ಟು ಹಾಕಿಸಿದಂತೆ ನಮ್ಮ ಜಗುಲಿ. ಮಾಡು ಮಾತ್ರ ಚೆನ್ನಾಗಿ ಮರೆಯಾಗಿತ್ತು.

ಎರಡನೆಯ ಸಲ ಗಿಡ ತರುವ ಮೊದಲು ಅಳತೆ ಮಾಡಿದೆ. ಉದ್ದನೆಯ ಅಡಿಕೆ ದಬ್ಬೆಯೊಂದಕ್ಕೆ ಅಡಿಗೊಂದರಂತೆ ಬೇರೆ ಬೇರೆ ಬಣ್ಣದ ಬಟ್ಟೆಯ ಚೂರುಗಳನ್ನು ಕಟ್ಟಿ, ಮಗನನ್ನು ಗಡಿಯ ಬಳಿ ಅದನ್ನು ಹಿಡಿದು ನಿಲ್ಲುವಂತೆ ಹೇಳಿ, ಅತ್ತೆಯನ್ನು ಅವರ ನಿತ್ಯದ ಜಾಗದಲ್ಲಿ ಕೂರಿಸಿ, ನಾನು ಹಿಂದಿನ ನಿಲ್ದಾಣಕ್ಕೆ ಹೋಗಿ ಬಸ್ಸು ಹತ್ತಿ ಮನೆಯ ಮುಂದಿನಿಂದ ಹಾದುಹೋದೆ. ಮೊದಲ ಸಲ ಏನೂ ತಿಳಿಯಲಿಲ್ಲ, ಇನ್ನೊಮ್ಮೆ ಹೋಗಿಬರಬೇಕಾಯಿತು. ಅತ್ತೆಯ ತಲೆಯ ನೇರಕ್ಕೆ ಎಂಟನೆಯ ಅಡಿಗೆ ಕಟ್ಟಿದ್ದ ಕೆಂಪು ಬಟ್ಟೆ ಬಂದಿತು. ಬಟ್ಟೆ ಒಣಹಾಕುತ್ತ ನಿಂತವರನ್ನೂ ಲೆಕ್ಕಕ್ಕೆ ಹಿಡಿದರೆ ನನಗೆ ಬೇಕಾಗಿದ್ದುದು ನೆಲದಿಂದ ಸುಮಾರು ಎರಡೂವರೆ ಅಡಿಗೆ ಶುರುವಾಗಿ 9ರಿಂದ 10 ಅಡಿಯವರೆಗೆ ತುಂಬಿಕೊಂಡಿರುವ ಎಲೆ. ಅದಕ್ಕಿಂತ ಮೇಲಿನದೆಲ್ಲ ನೆರಳಿಗೆ ಆದೀತು, ಮರೆಗೆ ಬೇಡ. ಈ ಒಂದು ಸಂಖ್ಯೆ ಕೈಗೆ ಸಿಕ್ಕಿದ ಮೇಲೆ ಯಾವ ಗಿಡ ಎಂಬ ಪ್ರಶ್ನೆ ತಾನಾಗಿ ಸಡಿಲವಾಯಿತು: ಎಲೆ ಉದುರಿಸಿ ಬೋಳಾಗಬಾರದು, ಬುಡದ ಕೊಂಬೆಯನ್ನು ಬಿಟ್ಟುಕೊಡಬಾರದು, ಪಶ್ಚಿಮದಿಂದ ಬರುವ ಉಪ್ಪುಗಾಳಿಯನ್ನು ತಾಳಿಕೊಳ್ಳಬೇಕು. ಗೊಬ್ಬರದ ಗಿಡವೆಂದು ಎಲ್ಲರೂ ಬೇಲಿಗೆ ಊರುವ ಗ್ಲಿರಿಸಿಡಿಯಾ ಮೊದಲ ಷರತ್ತಿನಲ್ಲಿಯೇ ಬಿದ್ದುಹೋಯಿತು, ಏಕೆಂದರೆ ಬೇಸಿಗೆಯ ಹೊತ್ತಿಗೆ ಅದು ಎಲೆ ಕಳಚಿ ಹೂ ಹೊತ್ತು ನಿಲ್ಲುತ್ತದೆ.

ಉಳಿದವು ಮೂರು. ಮುರುಗಲು, ಅಂದರೆ ಕೋಕಂ, ನಮ್ಮ ಕಡೆಯ ಮನೆಮನೆಯ ಮರ; ಸಾರಿಗೂ ಪಾನಕಕ್ಕೂ ಅದರ ಸಿಪ್ಪೆ ಬೇಕೇ ಬೇಕು. ಗೋಪುರದಂತೆ ಬೆಳೆಯುವ ಅದು ಕೆಳಗಿನ ಕೊಂಬೆಗಳನ್ನು ನೆಲದವರೆಗೆ ಇಳಿಬಿಟ್ಟುಕೊಂಡೇ ಇರುತ್ತದೆ, ನೆರಳಿನಲ್ಲಿಯೂ ಬಾಳುತ್ತದೆ. ಆದರೆ ಬಹಳ ನಿಧಾನ. ಸುರಹೊನ್ನೆ ಕಡಲ ದಂಡೆಯದೇ ಮರ, ದಪ್ಪ ಎಲೆಯದು, ಉಪ್ಪಿಗೆ ಹೆದರದು. ಮೂರನೆಯದು ಕವಳಿ, ಅಂದರೆ ಕರಂಡೆಯ ಮುಳ್ಳುಪೊದೆ. ಬೇಣದ ಹುಲ್ಲುಗಾವಲಿನಲ್ಲಿ ಹಣ್ಣು ಕೀಳಲು ಹೋಗಿ ಲಂಗ ಹರಿದುಕೊಂಡ ನೆನಪು ಇದ್ದವರಿಗೆ ಅದರ ಮುಳ್ಳಿನ ಗುಣವನ್ನು ಬೇರೆ ಹೇಳಬೇಕಾಗಿಲ್ಲ.

ಮುರುಗಲು ಮತ್ತು ಕವಳಿಯನ್ನು ನರ್ಸರಿಯಿಂದಲೇ ತಂದೆ. ಈ ಸಲ ಎತ್ತರದ ಸಸಿಗಳನ್ನು ಬದಿಗಿಟ್ಟು, ಬುಡದಲ್ಲಿ ಪೆನ್ಸಿಲಿನಷ್ಟಾದರೂ ದಪ್ಪವಿರುವ ಗಿಡ್ಡ ಸಸಿಗಳನ್ನು ಆರಿಸಿದೆ. ಹೆಚ್ಚು ದಿನ ಕೊಟ್ಟೆಯಲ್ಲಿ ಉಳಿದ ಎತ್ತರದ ಸಸಿಯ ಬೇರು ತಳದಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ, ನೆಲಕ್ಕೆ ಹೋದ ಮೇಲೂ ಆ ಸುರುಳಿ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಹೊನ್ನೆಗೆ ಕಾಸು ಕೊಡಲಿಲ್ಲ. ಬಾವಲಿಗಳು ತಿಂದು ಉದುರಿಸಿದ ಬೀಜಗಳನ್ನು ಹಿಂದಿನ ವರ್ಷವೇ ಆಯ್ದು ತಂದು, ಹಾಲಿನ ಖಾಲಿ ಕೊಟ್ಟೆಗಳಲ್ಲಿ ಬಿತ್ತಿದ್ದೆ. ಗಟ್ಟಿ ಚಿಪ್ಪನ್ನು ಮೆಲ್ಲಗೆ ಒಡೆದು ಬಿತ್ತಿದ ಬೀಜಗಳು ಮೂರು ವಾರಗಳಲ್ಲಿ ಮೊಳೆತವು, ಚಿಪ್ಪಿನೊಡನೆ ಬಿತ್ತಿದವು ಎರಡು ತಿಂಗಳು ಕಾಯಿಸಿದವು.

ನಮ್ಮ ನೆಲ ಕಲ್ಲುಮಣ್ಣು. ಒಂದು ಅಡಿ ಅಗೆದರೆ ಅರೆ ಸಿಗುತ್ತದೆ, ಗುದ್ದಲಿ ಅಲ್ಲಿಯೇ ನಿಲ್ಲುತ್ತದೆ. 2015ರಲ್ಲಿ ಮಳೆ ಬಿದ್ದ ಮೇಲೆ ಅವಸರದಿಂದ ಗುಂಡಿ ತೋಡಿ, ಅರೆಯ ಮೇಲೆಯೇ ಸಸಿಯನ್ನು ಕೂರಿಸಿದ್ದೆ. ಈ ಬಾರಿ ಏಪ್ರಿಲ್ ತಿಂಗಳಲ್ಲಿಯೇ ಆಳು ಹಚ್ಚಿ, ಪಿಕಾಸಿನಿಂದ ಅರೆಯನ್ನು ಒಡೆಸಿ, ಉದ್ದ, ಅಗಲ, ಆಳಗಳಲ್ಲಿ ಒಂದೂವರೆ ಅಡಿಯ ಗುಂಡಿಗಳನ್ನು ತೋಡಿಸಿ ಒಂದು ತಿಂಗಳು ಬಿಸಿಲಿಗೆ ಬಿಟ್ಟೆ. ಗುಂಡಿಯ ತಳದಲ್ಲಿ ತೆಂಗಿನ ಸಿಪ್ಪೆಗಳನ್ನು ನೀರು ಹಿಡಿಯುವಂತೆ ಒಳಮೈ ಮೇಲೆ ಮಾಡಿ ಹಾಸಿ, ಮೇಲೆ ಮೇಲ್ಮಣ್ಣನ್ನೂ ಹಳೆಯ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಿ ತುಂಬಿದೆ. ಮೃಗಶಿರ ಮಳೆಯಲ್ಲಿ ನೆಲ ನೆನೆದು, ಆರಿದ್ರೆ ಹಿಡಿದ ಮೇಲೆ ಸಸಿ ಹಚ್ಚಿದೆ. ಒಳಸಾಲಿನಲ್ಲಿ 6 ಅಡಿಗೊಂದರಂತೆ 16 ಗಿಡ, ಒಂದು ಹೊನ್ನೆ ಒಂದು ಮುರುಗಲು. ಅದರಿಂದ 5 ಅಡಿ ಹೊರಗೆ 3 ಅಡಿಗೊಂದರಂತೆ ಕವಳಿ. ಹಳೆಯ ಅಕೇಸಿಯಾಗಳನ್ನು ತಕ್ಷಣ ಕಡಿಸಲಿಲ್ಲ. ಅವುಗಳ ತೆಳುನೆರಳು ಎಳೆಯ ಮುರುಗಲಿಗೆ ಮೊದಲೆರಡು ಬೇಸಿಗೆಯಲ್ಲಿ ಕೊಡೆಯಾಯಿತು.

ಸಸಿ ಹಚ್ಚುವ ಬಗೆಯಲ್ಲಿ ನಮ್ಮ ಕರಾವಳಿಗೆ ಒಂದು ವಿಶೇಷವಿದೆ. ನಮಗೆ ಬರುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಆಮೇಲೆ ನವೆಂಬರ್‌ನಿಂದ ಮೇ ತಿಂಗಳವರೆಗೆ ಗಿಡವು ಹೆಚ್ಚು ಕಡಿಮೆ ಕೈನೀರಿನಲ್ಲಿಯೇ ಬದುಕಬೇಕು. ಹಾಗಾಗಿ ಜೂನ್‌ನಲ್ಲಿ ಸಸಿಯ ಬುಡವನ್ನು ಸುತ್ತಲ ನೆಲಕ್ಕಿಂತ ಅರ್ಧ ಅಡಿ ಎತ್ತರಿಸಿ ಗುಪ್ಪೆ ಮಾಡಬೇಕು. ದೀಪಾವಳಿಯ ಹೊತ್ತಿಗೆ ಅದೇ ಗುಪ್ಪೆಯ ಮಣ್ಣನ್ನು ಹೊರಕ್ಕೆಳೆದು, ಬುಡದ ಸುತ್ತ ಬಟ್ಟಲಿನಂತೆ ಕಟ್ಟೆ ಕಟ್ಟಬೇಕು. ಮೊದಲ ಸಲ ನಾನು ಜೂನ್‌ನಲ್ಲಿಯೇ ಬಟ್ಟಲು ಮಾಡಿದ್ದೆ. ಅದರಲ್ಲಿ ಆರು ಸಸಿಗಳು ಕೊಳೆತುಹೋಗಿದ್ದವು.

ಎರಡನೆಯ ನಾಟಿಯ ವರ್ಷವೇ ಗುಪ್ಪೆ ಮಾಡಿದರೂ ಸಾಲದಾಯಿತು. 2019ರ ಆಗಸ್ಟ್ ತಿಂಗಳಲ್ಲಿ ಜಿಲ್ಲೆಯ ಹೊಳೆಗಳೆಲ್ಲ ಉಕ್ಕಿದಾಗ ನಮ್ಮ ಮನೆಗೆ ನೆರೆ ಬರಲಿಲ್ಲವಾದರೂ ಎತ್ತರಿಸಿದ ರಸ್ತೆಯ ನೀರು ಇಳಿದುಬಂದು ಅಂಗಳದ ಉತ್ತರದ ಮೂಲೆಯಲ್ಲಿ ಐದು ದಿನ ನಿಂತಿತು. ಆ ಮೂಲೆಯ ಏಳು ಕವಳಿಗಳು ಹಳದಿಯಾಗಿ ಸತ್ತವು. ಮತ್ತೆ ಕವಳಿ ಹಚ್ಚುವ ಹಟ ಮಾಡದೆ ಅಲ್ಲಿ ಹೊಂಗೆಯನ್ನು ಹಚ್ಚಿದೆ. ನೀರು ನಿಂತರೂ ಅದಕ್ಕೆ ಚಿಂತೆಯಿಲ್ಲ. ಬೇಸಿಗೆಯಲ್ಲಿ ಕೆಲವು ದಿನ ಎಲೆ ಉದುರಿಸುತ್ತದೆ, ಆ ಮೂಲೆಯ ಹಿಂದೆ ಇರುವುದು ಕೊಟ್ಟಿಗೆಯಾದ್ದರಿಂದ ಆ ದಿನಗಳನ್ನು ನುಂಗಿಕೊಳ್ಳಬಹುದು.

ಬೀದಿದನಗಳ ಕಾಟಕ್ಕೆ ಕಂಡುಕೊಂಡ ಉಪಾಯ ಅಗ್ಗದ್ದು. ಕವಳಿಯ ಹೊರಗೆ ಒಂದು ಸಾಲು ಆಡುಸೋಗೆಯ ಕಡ್ಡಿಗಳನ್ನು ಗೇಣು ಗೇಣಿಗೆ ಊರಿದೆ. ನೆರೆಮನೆಯ ಬೇಲಿಯಿಂದ ಕಡಿದು ತಂದದ್ದು, ಖರ್ಚು ಸೊನ್ನೆ. ಆಡು ಮುಟ್ಟದ ಸೊಪ್ಪೆಂಬ ಹೆಸರು ಸುಮ್ಮನೆ ಬಂದಿಲ್ಲ. ದನಗಳೂ ಮೂಸಿ ಮುಂದೆ ಹೋದವು. ಎರಡನೆಯ ಮಳೆಗಾಲಕ್ಕೆ ಅದು ಎದೆಯೆತ್ತರ ಬಂದು, ನಿಧಾನದ ಗಿಡಗಳು ಏಳುವವರೆಗೆ ಕೆಳಭಾಗದ ಮರೆಯ ಹೊಣೆಯನ್ನೂ ಹೊತ್ತಿತು.

ನೀರು, ಮೊದಲ ಎರಡು ಬೇಸಿಗೆಗಳಲ್ಲಿ ಒಳಸಾಲಿನ ಪ್ರತಿ ಗಿಡಕ್ಕೆ ವಾರಕ್ಕೆರಡು ಕೊಡ. ಬುಡಕ್ಕೆ ದರಕು, ಅಂದರೆ ಒಣ ಎಲೆ, ಹಾಸಿದ್ದೆ. ಕಾಂಡಕ್ಕೆ ತಾಗಿಸಿ ಹಾಸಿದ್ದ ಕಡೆಗಳಲ್ಲಿ ಒರಲೆ ಹತ್ತಿ ಎರಡು ಮುರುಗಲುಗಳ ತೊಗಟೆಯನ್ನು ತಿಂದಿತು. ಆಮೇಲೆ ಕಾಂಡದ ಸುತ್ತ ಒಂದು ಗೇಣು ಬರಿ ನೆಲವನ್ನು ಬಿಟ್ಟೇ ದರಕು ಹಾಸುವ ರೂಢಿ ಮಾಡಿಕೊಂಡೆ.

2021ರ ಮೇ ತಿಂಗಳ ತೌಕ್ತೆ ಚಂಡಮಾರುತವು ನನ್ನ ಎರಡೂ ನಾಟಿಗಳಿಗೆ ಒಂದೇ ದಿನ ಪರೀಕ್ಷೆ ಇಟ್ಟಿತು. ಮೂರು ಅಕೇಸಿಯಾಗಳು ನಡುವಿಗೆ ಮುರಿದವು, ಒಂದು ವಿದ್ಯುತ್ ತಂತಿಯ ಮೇಲೆಯೇ ಬಿದ್ದಿತು; ಎರಡು ದಿನ ಕತ್ತಲೆಯಲ್ಲಿ ಕಳೆದೆವು. ಮುರುಗಲಿನ ಎಲೆಗಳು ಕಡಲಿನ ಕಡೆಯ ಮೈಯಲ್ಲಿ ಮಾತ್ರ ಇಸ್ತ್ರಿಪೆಟ್ಟಿಗೆ ತಾಗಿಸಿದ ಹಾಗೆ ಕಂದಿ ಸುಟ್ಟಿದ್ದವು. ಹೊನ್ನೆಯ ಒಂದೆಲೆಗೂ ಏನೂ ಆಗಿರಲಿಲ್ಲ. ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿಕೊಂಡು, ಉಳಿದ ಅಕೇಸಿಯಾ ಮತ್ತು ಗಾಳಿಮರಗಳನ್ನು ಒಂದೇ ಸಲ ಬೋಳಿಸದೆ, ಎರಡು ವರ್ಷಗಳಲ್ಲಿ ಒಂದು ಬಿಟ್ಟು ಒಂದರಂತೆ ತೆಗೆಸಿದೆ. ಆ ಸೌದೆಯನ್ನು ಮಾರಿದ ಹಣದಲ್ಲಿ ಕಡಿದ ಆಳುಗಳ ಕೂಲಿ ಸರಿಹೋಯಿತು. ಬೆಳಕು ಬಿದ್ದ ಮೇಲೆ ಮುರುಗಲಿನ ಓಟವೇ ಬೇರೆಯಾಯಿತು.

ಕತ್ತಿಯ ಕೆಲಸವನ್ನು ತಡಮಾಡಿ ಕಲಿತೆ. ಹೊನ್ನೆಯ ತುದಿಯನ್ನು 5 ಅಡಿಗೆ ಒಮ್ಮೆ, 9 ಅಡಿಗೆ ಇನ್ನೊಮ್ಮೆ ಚಿವುಟಿದ್ದರಿಂದ ಅದು ಪಕ್ಕಕ್ಕೆ ಹರಡಿತು. ಚಿವುಟದೆ ಬಿಟ್ಟರೆ ಅದೂ ದೊಡ್ಡ ಮರವಾಗುವ ಜಾತಿಯೇ. ಕವಳಿಯನ್ನು ಹಣ್ಣು ಮುಗಿದ ಮೇಲೆ ಜೂನ್‌ನಲ್ಲಿ ಸವರಿದರೆ ಮಳೆಯಲ್ಲಿ ದಟ್ಟವಾಗಿ ಚಿಗುರುತ್ತದೆ. ಸವರುವಾಗ ಮೇಲ್ಭಾಗವನ್ನು ತುಸು ಕಿರಿದಾಗಿಸಿ ಬುಡವನ್ನು ಅಗಲವಾಗಿ ಬಿಡಬೇಕು, ಇಲ್ಲವಾದರೆ ಬುಡಕ್ಕೆ ಬಿಸಿಲು ತಾಗದೆ ಎಲೆ ಮೇಲಕ್ಕೆ ಸರಿಯುತ್ತದೆ. ಮುರುಗಲಿಗೆ ಕತ್ತಿಯನ್ನೇ ಮುಟ್ಟಿಸಲಿಲ್ಲ. ಹೊಸಬರಿಗೆ ಗಿಡದ ಬುಡವನ್ನು ಸವರಿ ಚೊಕ್ಕ ಮಾಡುವ ಚಪಲವಿರುತ್ತದೆ, ಒಂದು ದಿನ ನಾನು ಪಾಠ ಮಾಡಲು ಶಾಲೆಗೆ ಹೋಗಿದ್ದಾಗ ಕೆಲಸಕ್ಕೆ ಬಂದವರು ಹಾಗೆ ಸವರಿದ ಒಂದು ಮುರುಗಲು ಇಂದಿಗೂ ಕೆಳಗೆ ಬೋಳಾಗಿಯೇ ಇದೆ.

ಹಾವಿನ ಭಯವನ್ನು ಬಂದವರೆಲ್ಲ ಎತ್ತುತ್ತಾರೆ. ಬುಡದ ದರಕನ್ನು ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಎಳೆದು ತೆಗೆಯುತ್ತೇನೆ, ಅಷ್ಟೆ. ಲಾರಿಗಳ ಸದ್ದು ಕಡಿಮೆಯಾದೀತೆಂದು ನಾನು ನಂಬಿದ್ದೆ. ಎರಡು ಸಾಲು ಗಿಡಕ್ಕೆ ಅದು ತಗ್ಗುವುದಿಲ್ಲ. ಧೂಳು ಮಾತ್ರ ತಗ್ಗಿದೆ. ಬೇಸಿಗೆಯಲ್ಲಿ ಕವಳಿಯ ಹೊರಮೈ ಕೆಂಪಗಿರುತ್ತದೆ, ಒಳಮೈ ಹಸಿರಾಗಿರುತ್ತದೆ. ಎರಡನೆಯ ನಾಟಿಗೆ ಸಸಿಗಳ ಬಾಬ್ತು 200 ರೂಪಾಯಿ ಮುಟ್ಟಲಿಲ್ಲ. ಗುಂಡಿ ತೋಡಿದ ಕೂಲಿಯೇ ಅದರ ಹಲವು ಪಟ್ಟು ಆಯಿತು, ಅದರಲ್ಲಿ ಉಳಿತಾಯ ಮಾಡಲು ಹೋಗಬಾರದೆಂಬುದನ್ನು ಮೊದಲ ನಾಟಿ ನನಗೆ ಕಲಿಸಿತ್ತು.

ಆರು ವರ್ಷ ಕಳೆದ ಮೇಲೆ ಹೊನ್ನೆಗಳು ದಬ್ಬೆಯ ಹತ್ತನೆಯ ಅಡಿ ಮುಟ್ಟಿವೆ, ಮುರುಗಲು ಎಂಟರ ಆಸುಪಾಸಿನಲ್ಲಿವೆ. ಎರಡು ಮುರುಗಲುಗಳು ಕಳೆದ ವರ್ಷ ಹೂ ಬಿಟ್ಟವು. ಒಂದರಲ್ಲಿ ಹೂಗಳು ಗೊಂಚಲು ಗೊಂಚಲಾಗಿ ಬಂದುದರಿಂದ ಅದು ಗಂಡೆಂದು ತಿಳಿಯಿತು. ಬೀಜದಿಂದ ಬಂದ ಗಿಡದಲ್ಲಿ ಗಂಡೋ ಹೆಣ್ಣೋ ಎಂದು ಹೂ ಬಿಡುವ ಮೊದಲು ಹೇಳಲಾಗುವುದಿಲ್ಲ, ಹಣ್ಣು ಕೊಡದಿದ್ದರೂ ಮರೆ ಕೊಡುವುದರಲ್ಲಿ ಗಂಡಿಗೂ ಹೆಣ್ಣಿಗೂ ವ್ಯತ್ಯಾಸವಿಲ್ಲ. ಗೇಟಿನ ಪಕ್ಕ ಪರಿಮಳದ ಹೂವಿನ ಆಸೆಗೆಂದು ಹಚ್ಚಿದ ಸುರಗಿ ಇನ್ನೂ ಸೊಂಟದೆತ್ತರದಲ್ಲಿದೆ.

ಈಗ ಬಸ್ಸಿನಿಂದ ನೋಡಿದರೆ ನಮ್ಮ ಮನೆಯ ಹೆಂಚು ಮಾತ್ರ ಕಾಣುತ್ತದೆ. ಅತ್ತೆಗೆ ಮಾತ್ರ ಇದು ಸಮಾಧಾನ ತಂದಿಲ್ಲ. "ಯಾವ ಬಸ್ಸು ಹೋಯ್ತು ಅಂತಾದ್ರೂ ಗೊತ್ತಾಗೂದು ಬೇಡ್ವೇನೆ?" ಎಂದು ಎರಡು ಮಳೆಗಾಲ ಗೊಣಗಿದರು, ಗೇಟು ಕಾಣುವಂತೆ ಮಣೆಯನ್ನು ಜಗುಲಿಯ ತುದಿಗೆ ಸರಿಸಿಕೊಂಡು ನೋಡಿದರು, ಅಲ್ಲಿ ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಮತ್ತೆ ಒಳಗೆ ಬಂದರು. ಕೊನೆಗೆ ಅದೇ ಹಳೆಯ ದಬ್ಬೆಯನ್ನು ಅಟ್ಟದಿಂದ ಇಳಿಸಿ, ಅವರು ಕೂತ ಜಾಗದಿಂದ ಬಸ್ಸಿನ ಬೋರ್ಡು ಎಷ್ಟು ಎತ್ತರದಲ್ಲಿ ಕಾಣುತ್ತದೆಂದು ಅಳೆದು, ನಾಲ್ಕನೆಯ ಹೊನ್ನೆಯ ಎರಡು ಕೊಂಬೆಗಳನ್ನು ಕಡಿದು ಒಂದು ಕಿಂಡಿ ಬಿಟ್ಟಿದ್ದೇನೆ. ಆ ಜಾಗದಲ್ಲಿ ಪ್ರತಿ ತಿಂಗಳೂ ಚಿಗುರು ಬರುತ್ತದೆ. ಅದನ್ನು ಚಿವುಟುವ ಕೆಲಸವನ್ನು ಅತ್ತೆ ಮೊಮ್ಮಗನಿಗೆ ಒಪ್ಪಿಸಿದ್ದಾರೆ.